ದಿನಾ ಸೇದ್ತೀನಿ, ಕೆಮ್ಮು ಶುರುವಾಗಿದೆ, ಬಿಡೋವರೆಗೂ ಎದೆ ಉಳಿಸ್ಕೊಳೋದು ಹೆಂಗೆ?

ಹನುಮಂತನಗರ_ಹುಡುಗ:

ಎಲ್ರಿಗೂ ನಮಸ್ಕಾರ. ನಂಗೆ 29, ಬೆಂಗಳೂರಲ್ಲೇ ಕೆಲಸ, ಆರು ವರ್ಷದಿಂದ ಸೊಪ್ಪು, ಅಂದ್ರೆ ಗಾಂಜಾ, ಸೇದ್ತಿದೀನಿ. ಮೊದಮೊದ್ಲು ಶನಿವಾರ ಮಾತ್ರ ಇತ್ತು, ಲಾಕ್‌ಡೌನ್ ಟೈಮಲ್ಲಿ ದಿನಾ ಆಗೋಯ್ತು, ಈಗ ಆಫೀಸಿಂದ ಬಂದ್ಮೇಲೆ ಎರಡು, ರಜೆ ದಿನ ನಾಲ್ಕೈದು. ಸಿಗರೇಟ್ ಬಿಚ್ಚಿ ಅದ್ರ ತಂಬಾಕು ಅರ್ಧ ಸೊಪ್ಪು ಅರ್ಧ ಕಲಸಿ ರೋಲ್ ಮಾಡೋದು, ನಮ್ ರೂಮಲ್ಲಿ ಎಲ್ರೂ ಹಿಂಗೇ, ಬರೀ ಸೊಪ್ಪು ಸೇದಿದ್ದು ನೆನಪೇ ಇಲ್ಲ. ಎರಡು ತಿಂಗಳಿಂದ ಬೆಳಿಗ್ಗೆ ಎದ್ದ ತಕ್ಷಣ ಕೆಮ್ಮು, ಕಂದು ಕಫ, ಮೂರನೇ ಮಹಡಿ ಹತ್ತೋಷ್ಟ್ರಲ್ಲಿ ಎದೆ ಸುಯ್ ಸುಯ್ ಅನ್ನುತ್ತೆ.

ಬಿಟ್ಬಿಡು ಅಂತ ಒಂದೇ ಮಾತಲ್ಲಿ ಮುಗಿಸ್ಬೇಡಿ ದಯವಿಟ್ಟು. ಎರಡು ಸಲ ಬಿಟ್ಟೆ, ಎರಡು ಸಲಾನೂ ನಾಲ್ಕನೇ ದಿನಕ್ಕೆ ನಿದ್ದೆ ಇಲ್ದೆ, ಸಿಕ್ಕಸಿಕ್ಕೋರ ಮೇಲೆ ರೇಗಾಡಿ ವಾಪಸ್ ಬಂದೆ. ಬಾಂಗ್, ಅಂದ್ರೆ ಹೊಗೆ ನೀರೊಳಗಿಂದ ಬರೋ ಪೈಪು, ತಗೊಂಡ್ರೆ ನೀರಲ್ಲಿ ವಿಷ ಎಲ್ಲ ನಿಂತುಹೋಗುತ್ತೆ ಅಂತ ಫ್ರೆಂಡ್ ಹೇಳ್ತಾನೆ, ನಿಜಾನಾ? ಗೊತ್ತಿರೋರು ಹೇಳಿ.

ವಾರ್ಡ್_ಅಕ್ಕ:

ತಮ್ಮಾ, ನಾನು ಎದೆ ರೋಗದ ವಾರ್ಡಲ್ಲಿ ಹದಿನಾಲ್ಕು ವರ್ಷದಿಂದ ನರ್ಸು. ಬಾಂಗು ಪೀಂಗು ಎಲ್ಲ ಆಮೇಲೆ, ಮೊದ್ಲು ನಾಳೆ ಬೆಳಿಗ್ಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಟೆಸ್ಟ್ ಮಾಡಿಸು, ದುಡ್ಡು ತಗೊಳಲ್ಲ. ಎರಡು ವಾರ ದಾಟಿದ ಕೆಮ್ಮು ಯಾರದ್ದೇ ಆಗ್ಲಿ ಟಿಬಿ ಇಲ್ಲ ಅಂತ ಖಾತ್ರಿ ಮಾಡ್ಕೋಬೇಕು, ನಿಂದು ಎರಡು ತಿಂಗಳು ಅಂತಿದೀಯ. ಒಂದು ಎಕ್ಸ್‌ರೇ, ಆದ್ರೆ ಊದೋ ಟೆಸ್ಟ್ ಇರುತ್ತಲ್ಲ, ಸ್ಪೈರೋಮೆಟ್ರಿ, ಅದೂ. ಡಾಕ್ಟ್ರ ಹತ್ರ ಗಾಂಜಾ ವಿಷಯ ಮುಚ್ಚಿಡಬೇಡ. ಅವ್ರು ಪೊಲೀಸರಲ್ಲ, ನೀನು ಹೇಳ್ದೆ ಇದ್ರೆ ಅಲರ್ಜಿ ಅಂತ ತಿಳ್ಕೊಂಡು ಸಿರಪ್ ಬರೆದು ಕಳಿಸ್ತಾರೆ ಅಷ್ಟೆ.

ಬಾಂಗ್ ವಿಷಯ ಸುಳ್ಳು. ನೀರು ಹೊಗೆನ ತಣ್ಣಗೆ ಮಾಡುತ್ತೆ, ತಣ್ಣಗಿದ್ರೆ ಗಂಟಲು ಉರಿಯಲ್ಲ, ಉರಿಯಲ್ಲ ಅಂತ ಎದೆ ತುಂಬ ಎಳೀತೀರಿ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ಪರ ಇರೋ ಸಂಘಟನೆಯವ್ರೇ ಮಾಡಿಸಿದ ಟೆಸ್ಟಲ್ಲಿ ನೀರು ಟಾರ್‌ಗಿಂತ, ಅಂದ್ರೆ ಹೊಗೇಲಿರೋ ಅಂಟಿಗಿಂತ, ಹೆಚ್ಚಾಗಿ ಟಿಎಚ್‌ಸಿನೇ ಹಿಡಿದಿಟ್ಟುಕೊಳ್ತು, ಅಂದ್ರೆ ಅದೇ ಕಿಕ್ ಬರೋಕೆ ಇನ್ನೂ ಜಾಸ್ತಿ ಹೊಗೆ ಎಳೀಬೇಕು. ಟಿಎಚ್‌ಸಿ ಅಂದ್ರೆ ಅಮಲು ಕೊಡೋ ಅಂಶ, ಗೊತ್ತಿಲ್ದೋರಿಗೆ ಹೇಳ್ದೆ.

ಇನ್ನೊಂದು ಕೇಳ್ತೀನಿ, ಉತ್ತರ ಕೊಡು. ಎಳೆದ ಮೇಲೆ ಎಷ್ಟು ಹೊತ್ತು ಉಸಿರು ಹಿಡೀತೀಯ?

ಹನುಮಂತನಗರ_ಹುಡುಗ:

ಅಕ್ಕ ಕಫ ಟೆಸ್ಟ್ ಖಂಡಿತ ಮಾಡಿಸ್ತೀನಿ. ಉಸಿರು ಹತ್ತು ಸೆಕೆಂಡ್ ಇರಬೋದು, ಕಾಲೇಜಲ್ಲಿ ಸೀನಿಯರ್ಸ್ ಹಂಗೇ ಕಲಿಸಿದ್ದು, ಹಿಡ್ಕೊಂಡಷ್ಟೂ ಏರುತ್ತೆ ಅಂತ.

ವಾರ್ಡ್_ಅಕ್ಕ:

ಅದೇ ಅಂದ್ಕೊಂಡೆ. ಟಿಎಚ್‌ಸಿ ಶ್ವಾಸಕೋಶದಿಂದ ರಕ್ತಕ್ಕೆ ಇಳಿಯೋಕೆ ಒಂದೆರಡು ಸೆಕೆಂಡ್ ಸಾಕು. ಆಮೇಲೆ ಹಿಡ್ಕೊಂಡಿರೋ ಅಷ್ಟು ಹೊತ್ತೂ ಒಳಗೆ ಅಂಟೋದು ಟಾರು, ರಕ್ತಕ್ಕೆ ಸೇರೋದು ಕಾರ್ಬನ್ ಮೊನಾಕ್ಸೈಡು. ತಲೆ ಗಿರ್ ಅನ್ನುತ್ತಲ್ಲ, ಅದ್ರಲ್ಲಿ ಸ್ವಲ್ಪ ಪಾಲು ಆಮ್ಲಜನಕ ಸಾಲದೆ ಬರೋದು, ಅದನ್ನ ನೀವು ಅಮಲು ಅಂದ್ಕೊಳ್ತೀರಿ. ಇವತ್ತಿಂದ್ಲೇ ಸಣ್ಣದಾಗಿ ಎಳಿ, ಎಳೆದಿದ್ದನ್ನ ಆಗ್ಲೇ ಬಿಡು. ಒಂದು ಪೈಸೆ ಖರ್ಚಿಲ್ಲ ಇದಕ್ಕೆ.

ಬಸವನಗುಡಿ_ಬ್ರೋ:

ಗುರು ಯಾಕೆ ಇಷ್ಟೊಂದು ಹೆದರಿಸ್ತಿದೀರ, ಅದು ಗಿಡ, ನ್ಯಾಚುರಲ್, ಶಿವನ ಪ್ರಸಾದ. ಸಿಗರೇಟಿಗಿಂತ ಸಾವಿರ ಪಾಲು ವಾಸಿ. ಸಿಗರೇಟ್ ದಿನಕ್ಕೆ ಹತ್ತು ಸೇದ್ತಾರೆ, ಇದು ಎರಡು. ನಂಗೆ ಹತ್ತು ವರ್ಷ ಆಯ್ತು, ಏನೂ ಆಗಿಲ್ಲ.

ಟೊರಾಂಟೊ_ತಮ್ಮ:

ಬ್ರೋ, ಬೇವಿನ ಸೊಪ್ಪು ಸುಟ್ಟು ಆ ಹೊಗೆ ಎಳೆದ್ರೂ ಎದೆ ಹಾಳೇ, ಗಿಡ ನ್ಯಾಚುರಲ್ ಆದ್ರೂ ಸುಟ್ಟ ಹೊಗೆಗೆ ಅದು ಗೊತ್ತಿಲ್ಲ. ಎರಡಕ್ಕೂ ಹತ್ತಕ್ಕೂ ಲೆಕ್ಕ ಹಾಕ್ತೀರಲ್ಲ, 1988ರಲ್ಲಿ ಅಮೆರಿಕದಲ್ಲಿ ಲಾಸ್ ಏಂಜಲೀಸ್‌ನ ಸಂಶೋಧಕರು ಎರಡೂ ಸೇದೋ ಅಭ್ಯಾಸ ಇದ್ದ 15 ಗಂಡಸರನ್ನ ಕೂರಿಸಿ ಅಳೆದು ನೋಡಿದ್ರು. ಒಂದು ಸಿಗರೇಟಿಗೆ ಹೋಲಿಸಿದ್ರೆ ಒಂದು ಗಾಂಜಾ ಜಾಯಿಂಟಲ್ಲಿ ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಏರಿಕೆ ಹತ್ತಿರತ್ತಿರ ಐದು ಪಟ್ಟು, ಒಳಗೆ ಹೋದ ಟಾರು ಮೂರು ಪಟ್ಟು. ಕಾರಣ ಅಕ್ಕ ಹೇಳಿದ್ದೇ, ಉದ್ದಕ್ಕೆ ಎಳೆಯೋದು, ಸಿಗರೇಟಿಗಿಂತ ನಾಲ್ಕು ಪಟ್ಟು ಹೊತ್ತು ಹಿಡ್ಕೊಳೋದು. ಆದ್ರೆ ಇದನ್ನೂ ಹೇಳ್ಬೇಕು, ಗಾಂಜಾ ಒಂದರಿಂದ್ಲೇ ಶ್ವಾಸಕೋಶದ ಕ್ಯಾನ್ಸರ್ ಬರುತ್ತೆ ಅಂತ ತಂಬಾಕಿನಷ್ಟು ಗಟ್ಟಿಯಾಗಿ ಸಾಬೀತಾಗಿಲ್ಲ. ದೀರ್ಘಕಾಲದ ಬ್ರಾಂಕೈಟಿಸ್ ಅಂದ್ರೆ ಶ್ವಾಸನಾಳದ ಉರಿಯೂತ, ಕಫ, ಕೆಮ್ಮು, ಸುಯ್ಗುಟ್ಟೋದು, ಇವು ಮಾತ್ರ ಪಕ್ಕಾ, ನಿಲ್ಲಿಸಿದ್ರೆ ಕಮ್ಮಿ ಆಗ್ತಾವೆ ಅನ್ನೋದೂ ಅಷ್ಟೇ ಪಕ್ಕಾ.

ನಾನು ಮಂಡ್ಯದವನು, ಕೆನಡಾಕ್ಕೆ ಬಂದು ಎಂಟು ವರ್ಷ. ಇಲ್ಲಿ 2018ರ ಅಕ್ಟೋಬರ್ 17ರಿಂದ ಲೀಗಲ್. ಅಂಗಡಿಗೆ ಹೋದ್ರೆ ಪ್ಯಾಕೆಟ್ ಮೇಲೆ ಟಿಎಚ್‌ಸಿ ಎಷ್ಟು, ಅಮಲು ಕೊಡದ ಸಿಬಿಡಿ ಎಷ್ಟು ಅಂತ ಬರೆದಿರುತ್ತೆ, ನಮ್ಮ ಒಂಟಾರಿಯೋದಲ್ಲಿ 19 ತುಂಬಿರ್ಬೇಕು. ಲೀಗಲ್ ಅಂದ್ಮಾತ್ರಕ್ಕೆ ಆರೋಗ್ಯಕ್ಕೆ ಒಳ್ಳೇದು ಅಂತ ಇಲ್ಲಿ ಯಾವ ಡಾಕ್ಟ್ರೂ ಹೇಳಲ್ಲ. ಇಲ್ಲಿನ ಸಂಶೋಧಕರು ಕಮ್ಮಿ ಅಪಾಯದ ಬಳಕೆಗೆ ಅಂತ ಒಂದು ಮಾರ್ಗಸೂಚಿ ಮಾಡಿದಾರೆ, 2011ರಲ್ಲಿ ಮೊದ್ಲು ಬಂತು, 2017ರಲ್ಲಿ, ಮತ್ತೆ 2022ರಲ್ಲಿ ತಿದ್ದಿದ್ರು. ಅದ್ರ ಮೊದಲನೇ ಮಾತೇ ಬಳಸ್ದೆ ಇರೋದೇ ಸೇಫು ಅಂತ. ಬಳಸೋದೇ ಆದ್ರೆ ಹರೆಯ ದಾಟೋವರೆಗೂ ಮುಟ್ಟಬೇಡ, ಟಿಎಚ್‌ಸಿ ಕಮ್ಮಿ ಇರೋದು ತಗೋ, ಸುಟ್ಟು ಸೇದೋದನ್ನ ತಪ್ಪಿಸು, ಆಳಕ್ಕೆ ಎಳೆದು ಹಿಡೀಬೇಡ, ದಿನಾ ಬೇಡ ವಾರಕ್ಕೆ ಒಂದೆರಡು ದಿನಕ್ಕೆ ಇಳಿಸು, ಸೇದಿದ ಮೇಲೆ ಗಂಟೆಗಟ್ಟಲೆ ಗಾಡಿ ಮುಟ್ಟಬೇಡ. ಇದ್ರಲ್ಲಿ ಎಲ್ಲಕ್ಕಿಂತ ಲೆಕ್ಕಕ್ಕೆ ಬರೋದು ಎಷ್ಟು ದಿನಕ್ಕೊಮ್ಮೆ ಅನ್ನೋದು, ಯಾವ ಪೇಪರು ಯಾವ ಪೈಪು ಅನ್ನೋದಲ್ಲ.

ಇಲ್ಲಿ ಸುಡದೆ ಬಿಸಿ ಮಾಡೋ ಡ್ರೈ ಹರ್ಬ್ ವೇಪೊರೈಸರ್ ಬಳಸೋರು ಬಹಳ. ಸೊಪ್ಪು ಬೂದಿ ಆಗಲ್ಲ, ಹಬೆ ಮಾತ್ರ ಬರುತ್ತೆ, ಕಾರ್ಬನ್ ಮೊನಾಕ್ಸೈಡ್ ತುಂಬ ಕಮ್ಮಿ. ಭಾರತದಲ್ಲಿ 2019ರ ಇ-ಸಿಗರೇಟ್ ನಿಷೇಧ ಕಾಯ್ದೆ ಇಂಥ ಡಿವೈಸ್ ಮಾರಾಟ, ಆಮದು ಎರಡನ್ನೂ ತಡೆಯುತ್ತೆ, ಹಾಗಾಗಿ ನಿಮಗೆ ಅದನ್ನ ಹೇಳಿ ಪ್ರಯೋಜನ ಇಲ್ಲ. ಆದ್ರೆ ಕದ್ದು ಬರೋ ಗಾಂಜಾ ಎಣ್ಣೆ ತುಂಬಿದ ವೇಪ್ ಕಾರ್ಟ್ರಿಜ್ ಯಾರಾದ್ರೂ ತಂದುಕೊಟ್ರೆ ಮಾತ್ರ ಮುಟ್ಟಬೇಡಿ. 2019ರಲ್ಲಿ ಅಮೆರಿಕದಲ್ಲಿ ಅಂಥದ್ರಿಂದ್ಲೇ ಶ್ವಾಸಕೋಶ ಕೆಟ್ಟು 2020ರ ಫೆಬ್ರವರಿ ಹೊತ್ತಿಗೆ 2800ಕ್ಕೂ ಜಾಸ್ತಿ ಜನ ಆಸ್ಪತ್ರೆ ಸೇರಿದ್ರು ಇಲ್ಲವೇ ತೀರಿಕೊಂಡ್ರು, ಸತ್ತೋರೇ 68 ಜನ. ಬ್ಲ್ಯಾಕಲ್ಲಿ ಮಾರೋರು ಎಣ್ಣೆ ಗಟ್ಟಿ ಮಾಡೋಕೆ ಬೆರೆಸಿದ ವಿಟಮಿನ್ ಇ ಅಸಿಟೇಟ್ ಅನ್ನೋದು ಮುಖ್ಯ ಕಾರಣ ಅಂತ ಗೊತ್ತಾಯ್ತು.

ಕೃಷ್ಣಾತೀರ:

ಶಿವನ ಪ್ರಸಾದ ಅಂದ್ರಲ್ರಿ ಮ್ಯಾಲಿನವ್ರು, ನಾ ಯಾದಗಿರಿ ಕಡ್ಯಾಂವ, ಅದ್ರ ಬಗ್ಗೆ ನಾ ಹೇಳ್ತೀನಿ. ನಮ್ಮ ತಿಂಥಣಿ ಮೌನೇಶ್ವರ ಜಾತ್ರ್ಯಾಗ ಸಣ್ಣ ಪೊಟ್ಟಣದಾಗ ಕೊಡ್ತಾರ, ಪೂಜಿ ಆದಮ್ಯಾಲ ತಗೋತಾರ, ಇದು ಸುಳ್ಳಲ್ಲ. ಆದ್ರ ಅದು ವರ್ಷಕ್ಕೊಮ್ಮಿ ಜಾತ್ರಿ. ಅಲ್ಲಿ ಸಾಧುಗಳು ಶರಣರು ಕುಂತು ಜ್ಞಾನದ ಮಾತಾಡ್ಕೋತ ಸೇದ್ತಾರ, ಆಫೀಸಿನ ಟೆನ್ಶನ್ನಿಗೆ ರಾತ್ರಿ ಎರಡೆರಡು ಹಚ್ಚೂದಕ್ಕ ಅವ್ರ ಹೆಸ್ರು ಯಾಕ ತರ್ತೀರಿ. ನಮ್ಮಜ್ಜ ಅಂತಿದ್ದ, ದೇವ್ರ ಮುಂದಿನ ಚಿಲುಮಿ ಬ್ಯಾರೆ, ಚಟದ ಚಿಲುಮಿ ಬ್ಯಾರೆ ಅಂತ.

ಚಿಲುಮಿಗೆ ಹಸಿ ಅರಿಬಿ ಸುತ್ತತಾರಲ್ರಿ, ಸಾಫಿ ಅಂತೀವಿ, ಅದು ವಿಷ ಸೋಸ್ತೈತಿ ಅಂತ ಬಾಳ ಮಂದಿ ನಂಬ್ಯಾರ. ಅದು ತಡಿಯೂದು ಬೂದಿ ಮತ್ತ ಕೆಂಡದ ಚೂರು ಅಷ್ಟ, ಹೊಗಿ ಹೊಗಿನ. ನಮ್ಮ ಕಾಕಾ ನಾಕೈದು ಮಂದಿ ಕೂಡಿ ಒಂದು ಕೋಣ್ಯಾಗ ಬಾಗಲಾ ಹಾಕ್ಕೊಂಡು ದಿನಾ ಚಿಲುಮಿ ಸೇದ್ತಿದ್ದ, ಒಬ್ಬಂವಗ ಟಿಬಿ ಇತ್ತು, ಯಾರಿಗೂ ಗೊತ್ತಿದ್ದಿಲ್ಲ, ವರ್ಷದಾಗ ಮೂರು ಮಂದಿಗೆ ಬಂತು ಅದ್ರಾಗ ಕಾಕಾನೂ ಒಬ್ಬ. ಆರು ತಿಂಗಳು ಗುಳಿಗಿ ನುಂಗಿ ಉಳದ. ಅದಕ್ಕ ಆ ನರ್ಸಕ್ಕ ಕಫ ಟೆಸ್ಟ್ ಮಾಡ್ಸು ಅಂದಿದ್ದು ಖರೇ ಐತಿ ತಮ್ಮಾ, ತಡಾ ಮಾಡಬ್ಯಾಡ.

ವಾರ್ಡ್_ಅಕ್ಕ:

ಅಣ್ಣಾ ನಿಮ್ಮ ಕಾಕನ ಕಥೆ ನಮ್ಮ ವಾರ್ಡಲ್ಲಿ ನಾನು ನೋಡಿರೋದೇ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಲ್ಲೂ ಒಂದೇ ಬಾಂಗ್ ಹಂಚ್ಕೊಂಡು ಟಿಬಿ ಹರಡಿದ್ದು ವೈದ್ಯಕೀಯ ಪತ್ರಿಕೇಲಿ ಬಂದಿದೆ. ಟಿಬಿ ಹರಡೋದು ಚಿಲುಮೆಯ ಮಣ್ಣಿಂದ ಅಲ್ಲ, ಕೆಮ್ಮಿದ ಗಾಳಿಯಿಂದ. ಕಿಟಕಿ ಬಾಗಿಲು ಹಾಕಿ, ವಾಸನೆ ಹೊರಗೆ ಹೋಗಬಾರ್ದು ಅಂತ ಬಾಗಿಲ ಸಂದಿಗೆ ಟವೆಲ್ ತುರುಕಿ ಕೂರ್ತಾರಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು. ಎಂಜಲಿಂದ ನೆಗಡಿ, ಜ್ವರ, ತುಟಿ ಹುಣ್ಣು ಇವೂ ದಾಟ್ತಾವೆ, ಅವರವರದ್ದು ಅವರವರಿಗೆ ಇರ್ಲಿ.

ಪ್ಲಾಸ್ಟಿಕ್ ಬಾಟಲಿಗೆ ತೂತು ಕೊರೆದು ಸೇದೋದು, ಕೂಲ್‌ಡ್ರಿಂಕ್ ಕ್ಯಾನ್, ಫಾಯಿಲ್, ಲ್ಯಾಮಿನೇಟ್ ಇರೋ ವಿಸಿಟಿಂಗ್ ಕಾರ್ಡ್ ಹರಿದು ಟಿಪ್ ಮಾಡೋದು, ಇವುಗಳ ಪ್ಲಾಸ್ಟಿಕ್ಕು, ಬಣ್ಣ, ಮೇಲಿನ ಲೇಪ ಬಿಸಿಗೆ ಕರಗಿ ಸುಟ್ಟು ಒಳಗೇ ಹೋಗೋದು. ಬೂಷ್ಟು ಹಿಡಿದು ಮುಗ್ಗಲು ವಾಸನೆ ಬಂದಿದ್ನ ಒಣಗಿಸಿ ಸೇದೋದೂ ಬೇಡ, ಸುಟ್ರೆ ಬೂಷ್ಟು ಸಾಯುತ್ತೆ ಅನ್ನೋದು ನಂಬೋಹಂಗಿಲ್ಲ. ಕಿಡ್ನಿ ಕಸಿ ಆದೋರು, ಕೀಮೋ ನಡೀತಿರೋರು, ಸ್ಟೀರಾಯ್ಡ್ ಮಾತ್ರೆ ತಗೊಳೋರಿಗೆ ಆ ಫಂಗಸ್ ಶ್ವಾಸಕೋಶದಲ್ಲಿ ಬೇರು ಬಿಟ್ರೆ ಪ್ರಾಣಕ್ಕೇ ಬರುತ್ತೆ. ಹಾರ್ಟಿಗೆ ಸ್ಟೆಂಟ್ ಹಾಕಿಸ್ಕೊಂಡೋರೂ ಮುಟ್ಟಲೇಬಾರ್ದು, ಸೇದಿದ ಮೊದಲ ಒಂದು ಗಂಟೇಲಿ ಹೃದಯಾಘಾತದ ಅಪಾಯ ಮಾಮೂಲಿಗಿಂತ ಸುಮಾರು ಐದು ಪಟ್ಟು ಅಂತ 2001ರ ಅಮೆರಿಕದ ಅಧ್ಯಯನ ಹೇಳಿತ್ತು. ಬಸುರಿ, ಬಾಣಂತಿ ಅಂತೂ ಕೇಳೋದೇ ಬೇಡ, ಮಗೂಗೆ ಹಾಲಲ್ಲೂ ಹೋಗುತ್ತೆ.

ಕಡಲತಡಿ:

ನಾನು ಇಲ್ಲಿ ಓದುವುದು ಮಾತ್ರ, ಬರೆಯುವುದು ಇಲ್ಲ. ಆದ್ರೆ ಎಲ್ಲರೂ ಎದೆಯ ಬಗ್ಗೆಯೇ ಮಾತಾಡ್ತಾ ಇದ್ದೀರಿ, ತಲೆಯ ವಿಷಯ ಯಾರೂ ಎತ್ತಲಿಲ್ಲ ಅಂತ ಬರೀತಿದ್ದೇನೆ. ನನ್ನ ತಮ್ಮ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಹತ್ತೊಂಬತ್ತು ವರ್ಷಕ್ಕೆ ಶುರು ಮಾಡಿದ. ಎರಡನೇ ವರ್ಷದಲ್ಲಿ ದಿನಾ ಉಂಟಂತೆ, ನಮಗೆ ಗೊತ್ತೇ ಇರಲಿಲ್ಲ ಮಾರಾಯ್ರೆ. ಮೊದಲು ರೂಮ್‌ಮೇಟ್ ನನ್ನ ಫೋನ್ ಕೇಳಿಸಿಕೊಳ್ತಾನೆ ಅಂತ ಹೇಳಿದ, ಆಮೇಲೆ ಊಟದಲ್ಲಿ ಏನೋ ಹಾಕ್ತಾರೆ ಅಂತ ಊಟ ಬಿಟ್ಟ, ಒಂದು ರಾತ್ರಿ ಹಾಸ್ಟೆಲಿನವರು ಫೋನ್ ಮಾಡಿ ಕರೆಸಿದರು. ಯಾರೂ ಇಲ್ಲದ ಕಡೆ ನೋಡಿ ಉತ್ತರ ಕೊಡ್ತಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ ಅಂತ. ಅಮ್ಮ ಇಲ್ಲ ಅಂದರು. ಹೊರಗೆ ಬಂದ ಮೇಲೆ ಅತ್ತು ಹೇಳಿದರು, ಅವರ ಅಣ್ಣ ಒಬ್ಬರು ಇದ್ದರಂತೆ, ಇಪ್ಪತ್ತೆರಡಕ್ಕೆ ತಲೆ ಕೆಟ್ಟು ಮನೆ ಬಿಟ್ಟು ಹೋದವರು, ಅವರ ಹೆಸರೇ ನಾವು ಕೇಳಿರಲಿಲ್ಲ. ಈ ಒಂದು ವಿಷಯ ತಮ್ಮನಿಗೆ ಮೊದಲೇ ಗೊತ್ತಿದ್ದರೆ ಅವ ಮುಟ್ಟುತ್ತಿರಲಿಲ್ಲ ಅಂತ ಈಗ ಅವನೇ ಹೇಳ್ತಾನೆ. ಆಮೇಲೆ ನಾನು ಹುಡುಕಿ ಓದಿದ್ದು, ಸ್ವೀಡನ್ನಿನಲ್ಲಿ ಮಿಲಿಟರಿಗೆ ಸೇರಿದ 45 ಸಾವಿರಕ್ಕೂ ಹೆಚ್ಚು ಹುಡುಗರನ್ನು ಹದಿನೈದು ವರ್ಷ ಗಮನಿಸಿದ್ದರಂತೆ, 1987ರಲ್ಲಿ ಪ್ರಕಟ ಆಯ್ತು, 50ಕ್ಕಿಂತ ಹೆಚ್ಚು ಸಲ ಸೇದಿದವರಲ್ಲಿ ಸ್ಕಿಜೋಫ್ರೀನಿಯಾ ಆರು ಪಟ್ಟು. 2019ರಲ್ಲಿ ಯುರೋಪಿನ ಊರುಗಳಲ್ಲಿ ನೋಡಿದಾಗ ಟಿಎಚ್‌ಸಿ ಶೇ. 10 ದಾಟಿದ ಮಾಲು ದಿನಾ ಸೇದುವವರಿಗೆ ಸೈಕೋಸಿಸ್, ಅಂದರೆ ಇಲ್ಲದ್ದು ಕಾಣುವ, ಕೇಳುವ ಸ್ಥಿತಿಯ, ಸಾಧ್ಯತೆ ಐದು ಪಟ್ಟಿನ ಹತ್ತಿರ. ಸೇದಿದವರಿಗೆಲ್ಲ ಆಗುವುದಿಲ್ಲ, ಹೆಚ್ಚಿನವರಿಗೆ ಆಗುವುದಿಲ್ಲ. ಆದರೆ ಯಾರಿಗೆ ಆಗ್ತದೆ ಅಂತ ಸೇದುವ ಮೊದಲು ಸ್ವಲ್ಪವಾದರೂ ಅಂದಾಜು ಮಾಡಲು ಇರುವ ಒಂದು ದಾರಿ ಅಂದರೆ ಮನೆಯಲ್ಲಿ ಕೇಳುವುದು. ದಯವಿಟ್ಟು ಕೇಳಿ. ಸೇದಿದಾಗ ಯಾರೋ ನೋಡ್ತಿದ್ದಾರೆ, ನನ್ನ ಬಗ್ಗೆಯೇ ಮಾತಾಡ್ತಿದ್ದಾರೆ ಅಂತ ಅನ್ನಿಸುವುದು ಮರುದಿನವೂ ಹೋಗದಿದ್ದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ತಮ್ಮ ಈಗ ಮಾತ್ರೆಯಲ್ಲಿ ಇದ್ದಾನೆ, ಡಿಗ್ರಿ ಮುಗಿಸ್ತಾ ಇದ್ದಾನೆ.

ಬಸವನಗುಡಿ_ಬ್ರೋ:

ಅಕ್ಕ ಓದಿ ಬೇಜಾರಾಯ್ತು. ನಾನು ಮೇಲೆ ಏನೂ ಆಗಲ್ಲ ಅಂತ ಬರ್ದಿದ್ದು ತಪ್ಪು. ನಮ್ಮಪ್ಪನ ತಂಗಿ ಒಬ್ರಿಗೆ ಮಾನಸಿಕ ಸಮಸ್ಯೆ ಇದೆ, ಇಷ್ಟು ದಿನ ಅದಕ್ಕೂ ಇದಕ್ಕೂ ಸಂಬಂಧ ಅಂತ ಯೋಚ್ನೆನೇ ಮಾಡಿರ್ಲಿಲ್ಲ.

ಹಾಸನದ_ಅಪ್ಪ:

ನನ್ನ ಮಗ ಸೆಕೆಂಡ್ ಪಿಯು, ವಯಸ್ಸು 17. ಬ್ಯಾಗಲ್ಲಿ ರೋಲಿಂಗ್ ಪೇಪರ್ ಸಿಕ್ತು. ಹೊಡೆದ್ಬಿಟ್ಟೆ, ಈಗ ಮಾತೇ ಆಡ್ತಿಲ್ಲ. ಇಲ್ಲಿ ನೀವೆಲ್ಲ ಹೆಂಗೆ ಸೇದ್ಬೇಕು ಅಂತ ಹೇಳ್ಕೊಡ್ತಿದೀರ, ಇಂಥದ್ದನ್ನ ಓದಿ ತಾನೆ ಮಕ್ಳು ಹಾಳಾಗೋದು?

ವಾರ್ಡ್_ಅಕ್ಕ:

ಸರ್, ನಿಮ್ಮ ಸಂಕಟ ಅರ್ಥ ಆಗುತ್ತೆ, ನನಗೂ ಹದಿನೈದರ ಮಗ ಇದಾನೆ. 17ರ ಹುಡುಗನಿಗೆ ಹೆಂಗೆ ಸೇದ್ಬೇಕು ಅಂತ ಇಲ್ಲಿ ಯಾರೂ ಹೇಳಲ್ಲ, ಬೇಡ ಅಂತಲೇ ಹೇಳೋದು, ಮಿದುಳು ಇಪ್ಪತ್ತು ದಾಟೋವರೆಗೂ ಬೆಳೀತಾನೇ ಇರುತ್ತೆ. ಸೇದೋರಲ್ಲಿ ಹತ್ತತ್ರ ಹನ್ನೊಂದಕ್ಕೆ ಒಬ್ರಿಗೆ ಚಟ ಅಂಟಿದ್ರೆ ಹದಿಹರೆಯದಲ್ಲೇ ಶುರು ಮಾಡಿದೋರಲ್ಲಿ ಆರಕ್ಕೆ ಒಬ್ರಿಗೆ. ಇದನ್ನ ಬೈದು ಹೇಳ್ಬೇಡಿ, ಕೂರಿಸಿ ಹೇಳಿ. ಜೊತೆಗೆ ಇನ್ನೊಂದು ಮಾತು ಹೇಳಿ, ಎಲ್ಲೇ ಇರು, ಯಾವ ಸ್ಥಿತೀಲೇ ಇರು, ಸೇದಿದೋನ ಬೈಕ್ ಹಿಂದೆ ಕೂರಬೇಡ, ನಂಗೆ ಫೋನ್ ಮಾಡು ನಾನು ಬಂದು ಕರ್ಕೊಂಡು ಬರ್ತೀನಿ, ಆ ರಾತ್ರಿ ಏನೂ ಕೇಳಲ್ಲ ಅಂತ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಮೊದ್ಲು ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ಹಗಲು ರಾತ್ರಿ ಇರ್ತಾರೆ, ದುಡ್ಡಿಲ್ಲ. ಅಪ್ಪ ಅಮ್ಮಂದಿರೂ ಮಾಡ್ಬೋದು.

ರಾತ್ರಿ_ಪಾಳಿ:

ನಂದೂ ಒಂದು ಸೇರಿಸ್ಕೊಳಿ. ದಿನಾ ಸೇದೋ ಕಾಲದಲ್ಲಿ ಏಳೆಂಟು ತಿಂಗಳು ಬೆಳಿಗ್ಗೆ ಎದ್ರೆ ವಾಂತಿ, ಹೊಟ್ಟೆ ಹಿಂಡೋದು, ಎಂಡೋಸ್ಕೋಪಿ ಸ್ಕ್ಯಾನಿಂಗ್ ಎಲ್ಲ ನಾರ್ಮಲ್, ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ರು. ಬಿಸಿಬಿಸಿ ನೀರು ಮೈಮೇಲೆ ಹಾಕ್ಕೊಂಡ್ರೆ ಮಾತ್ರ ಸಮಾಧಾನ, ದಿನಕ್ಕೆ ನಾಲ್ಕು ಸಲ ಸ್ನಾನ ಮಾಡ್ತಿದ್ದೆ. ಕೊನೆಗೆ ಒಬ್ರು ವಯಸ್ಸಾದ ಡಾಕ್ಟ್ರು ಬಿಸಿನೀರಿನ ವಿಷಯ ಕೇಳಿದ ತಕ್ಷಣ ಗಾಂಜಾ ಸೇದ್ತೀಯೇನಪ್ಪ ಅಂದ್ರು. ಇದಕ್ಕೆ ಹೆಸರೇ ಇದೆಯಂತೆ, 2004ರಲ್ಲಿ ಆಸ್ಟ್ರೇಲಿಯಾದಲ್ಲಿ ಮೊದ್ಲು ಗುರುತಿಸಿದ್ದು. ಕಮ್ಮಿ ಮಾಡಿದ್ರೆ ಹೋಗಲ್ಲ, ಪೂರ್ತಿ ನಿಲ್ಲಿಸಿದ್ರೇನೇ ಹೋಗೋದು. ನಿಲ್ಲಿಸ್ದೆ, ಹೋಯ್ತು.

ಹನುಮಂತನಗರ_ಹುಡುಗ:

ಹತ್ತು ದಿನ ಆದ್ಮೇಲೆ ಬರೀತಿದೀನಿ. ಕಫ ಟೆಸ್ಟ್ ನೆಗೆಟಿವ್. ಎಕ್ಸ್‌ರೇ ಪರ್ವಾಗಿಲ್ಲ, ಊದೋ ಟೆಸ್ಟಲ್ಲಿ ಸ್ವಲ್ಪ ಕಮ್ಮಿ ಬಂದಿದೆ, ಬ್ರಾಂಕೈಟಿಸ್ ಅಂದ್ರು. ಅಮ್ಮನ ಹತ್ರ ಮನೆತನದ ವಿಷಯ ಕೇಳ್ದೆ, ಯಾರಿಗೂ ಇಲ್ಲ. ಹಿಡ್ಕೊಳೋದು ಬಿಟ್ಟೆ, ಅಕ್ಕ ಹೇಳಿದ್ದು ನಿಜ, ಅಮಲಲ್ಲಿ ಏನೂ ವ್ಯತ್ಯಾಸ ಇಲ್ಲ.

ಆದ್ರೆ ಇನ್ನೊಂದು ಗೊತ್ತಾಯ್ತು. ಹೋದ ವಾರ ಊರಿಗೆ ಹೋಗಿದ್ದೆ, ಸೊಪ್ಪು ಇರ್ಲಿಲ್ಲ, ಸಂಜೆ ಆರಕ್ಕೆ ಕೈ ನಡುಗಿ ತಲೆ ಕೆಟ್ಟೋಗ್ತಿತ್ತು, ಅಂಗಡಿಗೆ ಹೋಗಿ ಒಂದು ಸಿಗರೇಟ್ ಹಚ್ಚಿದೆ, ಐದೇ ನಿಮಿಷಕ್ಕೆ ಎಲ್ಲ ಶಾಂತ. ನಾನು ಸಿಗರೇಟ್ ಸೇದೋನೇ ಅಲ್ಲ ಅಂತ ಆರು ವರ್ಷದಿಂದ ಎಲ್ರಿಗೂ ಹೇಳ್ಕೊಂಡು ಬಂದಿದ್ದೆ.

ವಾರ್ಡ್_ಅಕ್ಕ:

ಇದನ್ನೇ ನಿನ್ನ ಬಾಯಲ್ಲಿ ಕೇಳ್ಬೇಕು ಅಂತಿದ್ದೆ ತಮ್ಮಾ. ನಿಮ್ಮ ರೂಮಿನ ಹುಡುಗ್ರೆಲ್ಲ ಗಾಂಜಾ ಬಿಡೋಕಾಗ್ತಿಲ್ಲ ಅಂತೀರಿ, ನಿಮ್ಮನ್ನ ಹಿಡ್ಕೊಂಡು ಎಳೀತಿರೋದು ತಂಬಾಕಲ್ಲಿರೋ ನಿಕೋಟಿನ್. ದಿನಾ ಎರಡು ರೋಲಂದ್ರೆ ಒಂದು ಸಿಗರೇಟಿನ ತಂಬಾಕು, ಅದೂ ಎದೆ ತುಂಬ ಹಿಡ್ಕೊಂಡು. ಹಾಗಾಗಿ ಮೊದ್ಲು ತಂಬಾಕು ತೆಗಿ. ತಂಬಾಕು ತೆಗೆದ ಜಾಗಕ್ಕೆ ಸೊಪ್ಪು ತುಂಬಬೇಡ, ಹಾಗೆ ಮಾಡಿದ್ರೆ ಡೋಸ್ ಡಬಲ್ ಆಗುತ್ತೆ. ಇದ್ದ ಅರ್ಧಾನೇ ಇರ್ಲಿ, ಸಣ್ಣ ರೋಲ್. ನಿಕೋಟಿನ್ ಬೇಕು ಅನ್ನಿಸ್ದಾಗ ಮೆಡಿಕಲ್ ಶಾಪಲ್ಲಿ 2 ಮಿಲಿಗ್ರಾಮ್ ಗಮ್ ಸಿಗುತ್ತೆ, ಚೂಯಿಂಗ್ ಗಮ್ ಥರ ಜಗೀತಾನೇ ಇರ್ಬೇಡ, ಖಾರ ಬರೋವರೆಗೂ ಜಗಿದು ಕೆನ್ನೆ ಸಂದೀಲಿ ಇಟ್ಕೋ, ಖಾರ ಹೋದ್ಮೇಲೆ ಮತ್ತೆ ಜಗಿ. ಸಿಗರೇಟ್ ಪ್ಯಾಕ್ ಮೇಲೆ ತಂಬಾಕು ಬಿಡೋರಿಗೆ 1800-11-2356 ಅಂತ ಸಹಾಯವಾಣಿ ಇರುತ್ತೆ ನೋಡು, ದಕ್ಷಿಣದವ್ರಿಗೆ ಅಲ್ಲಿ ಉತ್ತರ ಕೊಡೋದು ನಮ್ಮ ನಿಮ್ಹಾನ್ಸ್‌ನೋರು.

ಅದಾದ್ಮೇಲೆ ಸೊಪ್ಪು ಇಳಿಸು. ನಿದ್ದೆ ಕೆಡುತ್ತೆ, ಬೆವರು ಬರುತ್ತೆ, ಊಟ ಸೇರಲ್ಲ, ರಾತ್ರಿ ವಿಚಿತ್ರ ಕನಸು ಬೀಳ್ತಾವೆ, ಮೊದಲ ವಾರ ಜೋರು, ಎರಡು ಮೂರು ವಾರಕ್ಕೆ ಇಳಿಯುತ್ತೆ. ನಾಲ್ಕನೇ ದಿನ ನೀನು ಸೋತಿದ್ದು ಅದು ಏರೋ ಹೊತ್ತಲ್ಲೇ.

ಟೊರಾಂಟೊ_ತಮ್ಮ:

ಒಂದು ಸೇರಿಸ್ತೀನಿ. ಒಂದು ತಿಂಗಳು ಬಿಟ್ಟು ಮತ್ತೆ ಯಾವತ್ತಾದ್ರೂ ಹಚ್ಚಿದ್ರೆ ಹಳೇ ಅಳತೆ ಹಾಕ್ಬೇಡ, ತಡ್ಕೊಳೋ ಶಕ್ತಿ ಇಳಿದಿರುತ್ತೆ. ಈಗ ಬ್ಯಾಂಕಾಕಿಂದ ಹೈಡ್ರೋ ಗಾಂಜಾ, ಅಂದ್ರೆ ಮಣ್ಣಿಲ್ದೆ ನೀರಲ್ಲಿ ಬೆಳೆಸಿದ್ದು, ಬರ್ತಿದೆಯಲ್ಲ, ಬೆಂಗಳೂರು ಏರ್‌ಪೋರ್ಟಲ್ಲಿ ಕಸ್ಟಮ್ಸ್‌ನೋರು ಹಿಡೀತಾನೇ ಇರ್ತಾರೆ, ಅದು ಊರ ಸೊಪ್ಪಿನ ಥರ ಅಲ್ಲ, ತುಂಬ ಸ್ಟ್ರಾಂಗು. ಹೊಗೆ ಬೇಡ ಅಂತ ತಿನ್ನೋಕೆ ಹೋದ್ರೂ ಅಷ್ಟೆ, ಏರೋಕೆ ಎರಡು ಗಂಟೆವರೆಗೂ ಆಗ್ಬೋದು, ಏರಿಲ್ಲ ಅಂತ ಇನ್ನೊಂದು ತಿಂದೋರೇ ಆಸ್ಪತ್ರೆ ಸೇರೋದು. ಯಾರಿಗಾದ್ರೂ ಜಾಸ್ತಿಯಾಗಿ ಹೆದರಿಕೊಂಡ್ರೆ ಒಬ್ರೇ ಬಿಡ್ಬೇಡಿ, ತಣ್ಣಗಿರೋ ಜಾಗದಲ್ಲಿ ಕೂರಿಸಿ ನೀರು ಕೊಡಿ, ಇಳಿಯುತ್ತೆ ಅಂತ ಹೇಳ್ತಾ ಇರಿ. ಎದೆ ನೋವು, ಎಚ್ಚರ ತಪ್ಪೋದು, ಫಿಟ್ಸ್ ಬಂದ್ರೆ 108, ಆಗ ಕೇಸ್ ಆಗುತ್ತೆ ಅಂತ ಕೂರ್ಬೇಡಿ.

ಕೃಷ್ಣಾತೀರ:

ಕೇಸಿನ ಮಾತು ಬಂತಲ್ರಿ, ಅದೂ ಹೇಳಿ ಬಿಡ್ತೀನಿ, ನಾ ಕೋರ್ಟಿನ್ಯಾಗ ಕೆಲ್ಸಾ ಮಾಡಾಂವ. 1985ರ ಎನ್‌ಡಿಪಿಎಸ್, ಅಂದ್ರ ಮಾದಕ ವಸ್ತು ಕಾಯ್ದೆ ಪ್ರಕಾರ ಗಾಂಜಾ ಸೇದೂದs ಅಪರಾಧ, 27ನೇ ಸೆಕ್ಷನ್, ಆರು ತಿಂಗಳ ತನಕ ಜೈಲು ಇಲ್ಲಾ 10,000 ರೂಪಾಯಿ ತನಕ ದಂಡ, ಎರಡೂ ಆಗಬಹುದು. ಅದರಾಗs 64ಎ ಅಂತ ಐತಿ, ಚಟಕ್ಕ ಬಿದ್ದಾಂವ ತಾನಾಗಿ ಸರ್ಕಾರ ಒಪ್ಪಿದ ದವಾಖಾನ್ಯಾಗ ಚಿಕಿತ್ಸಾ ತಗೊಂಡ್ರ ಆ ಖಟ್ಲೆದಿಂದ ರಕ್ಷಣಾ ಸಿಗತೈತಿ, ಆದ್ರ ಚಿಕಿತ್ಸಾ ಪೂರ್ತಿ ಮುಗಿಸ್ಬೇಕು. ಇದು ಬಾಳ ಮಂದಿಗೆ ಗೊತ್ತಿಲ್ಲ, ಹೆದರಿ ದವಾಖಾನಿಗೆ ಹೋಗೂದಿಲ್ಲ.

ಹನುಮಂತನಗರ_ಹುಡುಗ:

ಐದು ವಾರ ಆಯ್ತು. ತಂಬಾಕು ಪೂರ್ತಿ ನಿಂತು 31 ದಿನ, ಗಮ್ ದಿನಕ್ಕೆ ಆರಿಂದ ಎರಡಕ್ಕೆ ಬಂದಿದೆ. ಸೊಪ್ಪು ಶನಿವಾರ ಮಾತ್ರ, ಒಂದು ಸಣ್ಣದು, ಹೋದ ಶನಿವಾರ ಅದೂ ಇಲ್ಲ. ಕನಸಂತೂ ಭಯಂಕರ, ಸತ್ತೋಗಿರೋ ತಾತ ದಿನಾ ಬಂದು ಮಾತಾಡ್ತಿದ್ರು, ಈಗ ಕಮ್ಮಿ ಆಗಿದೆ. ರೂಮಲ್ಲಿ ಇನ್ನೊಬ್ಬನೂ ಗಮ್ ತಂದಿದಾನೆ. ಆದ್ರೆ ಅಕ್ಕ, ಮೊದಲಿಗಿಂತ ಈಗಲೇ ಕಫ ಜಾಸ್ತಿ ಬರ್ತಿದೆ, ಇದು ಸರಿನಾ ಅಥ್ವಾ ಹೆದರ್ಕೋಬೇಕಾ?

ವಾರ್ಡ್_ಅಕ್ಕ:

ಹೆದರ್ಕೋಬೇಡ. ಶ್ವಾಸನಾಳದ ಒಳಗೆ ಸಣ್ಣ ಸಣ್ಣ ಕೂದಲಿನ ಥರ ಇರ್ತಾವೆ, ಹೊಗೆಗೆ ಮಲಗಿದ್ದವು ಈಗ ಎದ್ದು ಹಳೇ ಕಸ ಗುಡಿಸ್ತಿದಾವೆ. ಬಿಸಿನೀರು ಕುಡಿ, ಬೆಳಿಗ್ಗೆ ಹಬೆ ತಗೋ. ರಕ್ತ ಕಂಡ್ರೆ, ಜ್ವರ ಬಂದ್ರೆ, ತೂಕ ಇಳಿದ್ರೆ ಅವತ್ತೇ ಹೋಗು, ಕಾಯ್ಬೇಡ. ಊದೋ ಟೆಸ್ಟ್ ಮೂರು ತಿಂಗಳಿಗೆ ಇನ್ನೊಂದ್ಸಲ ಮಾಡಿಸಿ ರಿಪೋರ್ಟ್ ಇಲ್ಲಿ ಹಾಕು, ಹಳೇದ್ರ ಪಕ್ಕ ಇಟ್ಟು ನೋಡೋಣ.